ಬೆಳ್ಳಿಯ ಹೂಜಿ

ಪ್ರತಿ ವರ್ಷ ಜುಲೈ ತಿಂಗಳ ಒಂದು ಭಾನುವಾರದ ಸಂಜೆ, ಬ್ರಿಟಿಷ್ ದ್ವೀಪಗಳ ಯಾವುದಾದರೊಂದು ಕಡಲಂಚಿನ ಬಯಲಿನಲ್ಲಿ ಸಾವಿರಾರು ಜನ ನೆರೆದಿರುತ್ತಾರೆ. ಅವರೆಲ್ಲರ ಎದುರಿಗೆ ಒಬ್ಬ ಆಟಗಾರನ ಕೈಗೆ ಬೆಳ್ಳಿಯ ಹೂಜಿಯೊಂದನ್ನು ಕೊಟ್ಟು, ಅವನನ್ನು ‘ಈ ವರ್ಷದ ಚಾಂಪಿಯನ್ ಗಾಲ್ಫ್ ಆಟಗಾರ’ ಎಂದು ಸಾರುತ್ತಾರೆ. ಆ ಬಿರುದಿನಲ್ಲಿ ದೇಶದ ಹೆಸರಿಲ್ಲ, ಊರಿನ ಹೆಸರಿಲ್ಲ. ಹೂಜಿಯೂ ನೋಡಲು ಅಷ್ಟೇನೂ ದೊಡ್ಡದಲ್ಲ. ಹಿಂದೆ ಸಿರಿವಂತರ ಮನೆಗಳಲ್ಲಿ ಕ್ಲಾರೆಟ್ ಎಂಬ ಕೆಂಪು ದ್ರಾಕ್ಷಾರಸವನ್ನು ಬಡಿಸಲು ಬಳಸುತ್ತಿದ್ದ ಪಾತ್ರೆಯ ಆಕಾರ ಅದಕ್ಕಿದೆ. ಗೆದ್ದವರ ಹೆಸರುಗಳನ್ನು ಅದರ ಮೇಲೆ ಸಾಲಾಗಿ ಕೆತ್ತಿದ್ದಾರೆ. ಮೊದಲನೆಯ ಹೆಸರು 1872ರಲ್ಲಿ ಗೆದ್ದವನದು.

ಈ ಹೂಜಿಗಾಗಿ ನಡೆಯುವ ಸ್ಪರ್ಧೆಗೆ ‘ಓಪನ್ ಚಾಂಪಿಯನ್‌ಷಿಪ್’ ಎಂದು ಹೆಸರು. ಬ್ರಿಟನ್ನಿನವರು ಅದನ್ನು ‘ದಿ ಓಪನ್’ ಎಂದಷ್ಟೇ ಕರೆಯುತ್ತಾರೆ. ಹೊರಗಿನವರು ‘ಬ್ರಿಟಿಷ್ ಓಪನ್’ ಎನ್ನುವುದುಂಟು. 1860ರಲ್ಲಿ ಮೊದಲಾದ ಈ ಪಂದ್ಯಾವಳಿಯು ಗಾಲ್ಫ್ ಲೋಕದ ನಾಲ್ಕು ಮಹಾಸ್ಪರ್ಧೆಗಳಲ್ಲಿ ಅತ್ಯಂತ ಹಳೆಯದು. ಉಳಿದ ಮೂರೂ ಅಮೆರಿಕದವು. ಅವುಗಳಲ್ಲಿ ಹಿರಿಯದಾದ ಅಮೆರಿಕನ್ ಓಪನ್ ಹುಟ್ಟಿದ್ದು 1895ರಲ್ಲಿ.

ಗಾಲ್ಫ್ ಸಿರಿವಂತರ ಆಟವೆಂದು ನಾವು ತಿಳಿದಿದ್ದೇವೆ. ಆದರೆ ಈ ಮಹಾಸ್ಪರ್ಧೆಯನ್ನು ಮೊದಲು ಆಡಿದವರು ಸಿರಿವಂತರಲ್ಲ. ಅವರು ಪರರ ಗಾಲ್ಫ್ ಕೋಲುಗಳನ್ನು ಹೊತ್ತು ನಡೆಯುತ್ತಿದ್ದ ಆಳುಗಳು, ಚೆಂಡು ಹೊಲಿಯುತ್ತಿದ್ದ ಕುಶಲಕರ್ಮಿಗಳು, ಬಯಲಿನ ಹುಲ್ಲು ನೋಡಿಕೊಳ್ಳುತ್ತಿದ್ದ ಕೆಲಸಗಾರರು. ಆಡಿಸಿದವರು ಮಾತ್ರ ಶ್ರೀಮಂತರು. ಈ ಎರಡು ಪಂಗಡಗಳ ನಡುವೆ ಕ್ಲಬ್ಬಿನ ಮನೆಯ ಬಾಗಿಲೊಂದು ಇತ್ತು. ಓಪನ್ ಪಂದ್ಯಾವಳಿಯ ಚರಿತ್ರೆಯು ಬಹುಮಟ್ಟಿಗೆ ಆ ಬಾಗಿಲಿನ ಚರಿತ್ರೆಯೂ ಆಗಿದೆ.

ಮೊದಲಿಗೆ ಆಟದ ವಿಷಯವಾಗಿ ಎರಡು ಮಾತು. ವಿಶಾಲವಾದ ಬಯಲಿನಲ್ಲಿ ಒಂದರಿಂದೊಂದಕ್ಕೆ ದೂರದಲ್ಲಿರುವಂತೆ ಹದಿನೆಂಟು ಸಣ್ಣ ಗುಳಿಗಳನ್ನು ತೋಡಿರುತ್ತಾರೆ. ಗುಳಿಯ ಅಗಲ ನಾಲ್ಕೂಕಾಲು ಅಂಗುಲ. ಆಟಗಾರನು ನೂರಾರು ಗಜ ದೂರದಲ್ಲಿ ನಿಂತು, ಕೋಲಿನಿಂದ ಚೆಂಡನ್ನು ಹೊಡೆಯುತ್ತ, ಅದರ ಹಿಂದೆ ನಡೆಯುತ್ತ, ಒಂದೊಂದಾಗಿ ಎಲ್ಲ ಗುಳಿಗಳಿಗೂ ಚೆಂಡನ್ನು ಸೇರಿಸಬೇಕು. ಯಾರ ಹೊಡೆತಗಳ ಮೊತ್ತ ಕಡಿಮೆಯೋ ಅವನೇ ಗೆದ್ದವನು. ಕಬಡ್ಡಿಯಲ್ಲಿ ಎದುರಾಳಿಯು ಕಾಲು ಹಿಡಿಯುತ್ತಾನೆ, ಚಿನ್ನಿದಾಂಡಿನಲ್ಲಿ ಹಾರಿಬಂದ ಚಿನ್ನಿಯನ್ನು ಹಿಡಿದುಬಿಡುತ್ತಾನೆ. ಗಾಲ್ಫಿನಲ್ಲಿ ನಮ್ಮ ಚೆಂಡನ್ನು ಬೇರೆ ಯಾರೂ ತಡೆಯುವಂತಿಲ್ಲ. ಆಟಗಾರನಿಗೆ ಎದುರಾಗುವವು ನೆಲ, ಗಾಳಿ ಮತ್ತು ಅವನ ಸ್ವಂತ ಮನಸ್ಸು.

ಓಪನ್ ಪಂದ್ಯಾವಳಿಯನ್ನು ಎಲ್ಲೆಂದರಲ್ಲಿ ಆಡುವುದಿಲ್ಲ. ಸಮುದ್ರಕ್ಕೂ ಬೇಸಾಯದ ಭೂಮಿಗೂ ನಡುವೆ ಇರುವ ಮರಳುದಿಬ್ಬಗಳ ಬಯಲೇ ಅದಕ್ಕೆ ಬೇಕು. ಅಂಥ ನೆಲವನ್ನು ಸ್ಕಾಟ್‌ಲೆಂಡಿನವರು ‘ಲಿಂಕ್ಸ್’ ಎನ್ನುತ್ತಾರೆ. ಅಲ್ಲಿ ಪೈರು ಬೆಳೆಯದು, ಮರಗಳೂ ವಿರಳ. ಗಟ್ಟಿಯಾದ ಕುರುಚಲು ಹುಲ್ಲು, ಮುಳ್ಳುಪೊದೆಗಳು, ಕುರಿಗಳು ಮೇಯುತ್ತಿದ್ದ ದಾರಿಗಳು. ಇವೇ ಅಲ್ಲಿನ ಸಂಪತ್ತು. ಕಡಲಗಾಳಿಗೆ ಅಂಜಿ ಕುರಿಗಳು ಮುದುಡಿ ಮಲಗುತ್ತಿದ್ದ ಮರಳುಗುಳಿಗಳೇ ಮುಂದೆ ‘ಬಂಕರ್’ ಎಂಬ ಮರಳುಗುಂಡಿಗಳಾದುವು ಎಂದು ಹೇಳುತ್ತಾರೆ. ಯಾವ ಉಪಯೋಗಕ್ಕೂ ಬಾರದ ನೆಲವೆಂದು ಬಿಟ್ಟಿದ್ದ ಕಾರಣದಿಂದಲೇ ಊರಿನ ಬಡವನೂ ಒಡೆಯನೂ ಅಲ್ಲಿ ಆಡಲು ಸಾಧ್ಯವಾಯಿತು. ಗಾಲ್ಫಿನ ತವರೆನಿಸಿದ ಸೇಂಟ್ ಆಂಡ್ರೂಸ್ ಪಟ್ಟಣದ ಹಳೆಯ ಬಯಲು ಇಂದಿಗೂ ಸಾರ್ವಜನಿಕ ಸ್ವತ್ತು. ಸಾಮಾನ್ಯವಾಗಿ ಭಾನುವಾರಗಳಂದು ಅಲ್ಲಿ ಆಟವಿಲ್ಲ. ಅಂದು ಊರಿನ ಜನ ಮಕ್ಕಳನ್ನೂ ನಾಯಿಗಳನ್ನೂ ಕರೆದುಕೊಂಡು ಆ ಹುಲ್ಲಿನ ಮೇಲೆ ತಿರುಗಾಡುತ್ತಾರೆ.

ಆ ಸೇಂಟ್ ಆಂಡ್ರೂಸಿನಲ್ಲಿ ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಆಲನ್ ರಾಬರ್ಟ್‌ಸನ್ ಎಂಬ ಚೆಂಡು ತಯಾರಕನಿದ್ದನು. ಆಗಿನ ಚೆಂಡೆಂದರೆ ಹಕ್ಕಿಯ ಪುಕ್ಕ ತುಂಬಿ ಹೊಲಿದ ತೊಗಲಿನ ಗೋಲಿ. ಒಂದು ಎತ್ತರದ ಟೋಪಿಯ ತುಂಬ ಹಿಡಿಯುವಷ್ಟು ಪುಕ್ಕವನ್ನು ಬೇಯಿಸಿ, ಒದ್ದೆಯಾಗಿರುವಾಗಲೇ ಒಂದೇ ಚೆಂಡಿನೊಳಕ್ಕೆ ತುರುಕಬೇಕು. ದಿನವಿಡೀ ದುಡಿದರೂ ಒಬ್ಬನ ಕೈಯಿಂದ ಮೂರು ನಾಲ್ಕು ಚೆಂಡುಗಳಿಗಿಂತ ಹೆಚ್ಚು ಆಗುತ್ತಿರಲಿಲ್ಲ. ಆದ್ದರಿಂದ ಚೆಂಡಿನ ಬೆಲೆ ಬಹಳ. ರಾಬರ್ಟ್‌ಸನ್ ಚೆಂಡು ಮಾಡುವುದರಲ್ಲಿ ನಿಪುಣನಾದಂತೆ ಆಡುವುದರಲ್ಲಿಯೂ ಅಗ್ರಗಣ್ಯನಾಗಿದ್ದನು. 1858ರಲ್ಲಿ ಸೇಂಟ್ ಆಂಡ್ರೂಸಿನ ಬಯಲನ್ನು 79 ಹೊಡೆತಗಳಲ್ಲಿ ಮುಗಿಸಿದನು. ಎಂಬತ್ತಕ್ಕಿಂತ ಕಡಿಮೆ ಹೊಡೆತಗಳಲ್ಲಿ ಅದನ್ನು ಮುಗಿಸಿದವರು ಅಲ್ಲಿಯವರೆಗೆ ಇರಲಿಲ್ಲ.

ಅವನ ಕೈಕೆಳಗೆ ಕೆಲಸ ಕಲಿತವನು ಟಾಮ್ ಮಾರಿಸ್. 1848ರ ಸುಮಾರಿಗೆ ಗಟಾಪರ್ಚಾ ಎಂಬ ಮರದ ಹಾಲಿನಿಂದ ಮಾಡಿದ ಅಗ್ಗದ ಚೆಂಡು ಬಂದಿತು. ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಉಂಡೆ ಕಟ್ಟಿದರೆ ಸಾಕು, ಚೆಂಡು ಸಿದ್ಧ. ತನ್ನ ಕಸುಬಿಗೇ ಸಂಚಕಾರ ಬಂದಿತೆಂದು ರಾಬರ್ಟ್‌ಸನ್ ಕಂಗೆಟ್ಟನು. ಒಂದು ದಿನ ಮಾರಿಸನು ಆ ಹೊಸ ಚೆಂಡಿನಲ್ಲಿ ಆಡುತ್ತಿದ್ದುದನ್ನು ಕಂಡು ಕೆರಳಿದನು. ಗುರುಶಿಷ್ಯರು ಬೇರೆಯಾದರು. ಮಾರಿಸನು 1851ರಲ್ಲಿ ಸ್ಕಾಟ್‌ಲೆಂಡಿನ ಪಶ್ಚಿಮ ಕರಾವಳಿಯ ಪ್ರೆಸ್ಟ್‌ವಿಕ್ ಎಂಬ ಊರಿನ ಹೊಸ ಕ್ಲಬ್ಬಿಗೆ ಬಯಲಿನ ಮೇಲ್ವಿಚಾರಕನಾಗಿ ಹೋದನು. ಅಲ್ಲಿ ಹನ್ನೆರಡು ಗುಳಿಗಳ ಬಯಲೊಂದನ್ನು ಸಿದ್ಧಗೊಳಿಸಿದನು.

1859ರಲ್ಲಿ ರಾಬರ್ಟ್‌ಸನ್ ತೀರಿಕೊಂಡನು. ಇನ್ನು ಅಗ್ರಸ್ಥಾನ ಯಾರದು ಎಂಬ ಪ್ರಶ್ನೆ ಎದ್ದಿತು. ಅದನ್ನು ಆಟದಿಂದಲೇ ತೀರ್ಮಾನಿಸಬೇಕೆಂದು ಪ್ರೆಸ್ಟ್‌ವಿಕ್ ಕ್ಲಬ್ಬಿನವರು ನಿಶ್ಚಯಿಸಿ, ನಾಡಿನ ಇತರ ಕ್ಲಬ್ಬುಗಳಿಗೆ ಪತ್ರ ಬರೆದರು. ತಮ್ಮಲ್ಲಿರುವ ‘ಮರ್ಯಾದಸ್ಥ ಕ್ಯಾಡಿ’ಗಳನ್ನು ಕಳುಹಿಸಿಕೊಡಬೇಕೆಂಬುದು ಆ ಪತ್ರಗಳ ಕೋರಿಕೆ. ಕ್ಯಾಡಿ ಎಂದರೆ ಆಟಗಾರನ ಕೋಲುಗಳನ್ನು ಹೊತ್ತು ಜೊತೆಗೆ ನಡೆಯುವವನು. ಮರ್ಯಾದಸ್ಥ ಎಂಬ ವಿಶೇಷಣವನ್ನು ಸೇರಿಸಬೇಕಾಗಿ ಬಂದುದರಿಂದಲೇ ಅವರನ್ನು ಸಮಾಜ ಹೇಗೆ ಕಾಣುತ್ತಿತ್ತೆಂಬುದನ್ನು ಊಹಿಸಬಹುದು.

1860ರ ಅಕ್ಟೋಬರ್ 17ರಂದು ಎಂಟು ಮಂದಿ ಆಟಗಾರರು ಪ್ರೆಸ್ಟ್‌ವಿಕ್ಕಿನಲ್ಲಿ ಕೂಡಿದರು. ಅವರ ಉಡುಪು ಬಹಳ ಒರಟಾಗಿ ಕಂಡುದರಿಂದ ಎಗ್ಲಿಂಟನ್ ಪ್ರಭುವು ತನ್ನ ಜಮೀನಿನ ಕೂಲಿಯವರಿಗೆ ಕೊಡುತ್ತಿದ್ದ ಅಂಗಿಗಳನ್ನೇ ಅವರಿಗೂ ತೊಡಿಸಿದನೆಂದು ಹೇಳುತ್ತಾರೆ. ಹನ್ನೆರಡು ಗುಳಿಗಳ ಬಯಲನ್ನು ಒಂದೇ ದಿನದಲ್ಲಿ ಮೂರು ಸುತ್ತು ಆಡಿದರು. ಮಸಲ್‌ಬರೊ ಊರಿನ ವಿಲ್ಲಿ ಪಾರ್ಕ್ 174 ಹೊಡೆತಗಳಲ್ಲಿ ಆಟ ಮುಗಿಸಿ ಗೆದ್ದನು. ಬಯಲನ್ನು ರೂಪಿಸಿದ ಟಾಮ್ ಮಾರಿಸನಿಗೆ ಎರಡು ಹೊಡೆತಗಳ ಸೋಲಾಯಿತು. ಗೆದ್ದವನಿಗೆ ದೊರೆತುದು ಬೆಳ್ಳಿಯ ಬಿಲ್ಲೆಗಳಿದ್ದ ಕೆಂಪು ತೊಗಲಿನ ಒಂದು ನಡುಪಟ್ಟಿ. ಹಣದ ಬಹುಮಾನವಿರಲಿಲ್ಲ. 1863ರಲ್ಲಿ ಹತ್ತು ಪೌಂಡುಗಳನ್ನು ಗೊತ್ತುಮಾಡಿ, ಅದನ್ನು ಎರಡನೆಯ, ಮೂರನೆಯ, ನಾಲ್ಕನೆಯ ಸ್ಥಾನದವರಿಗೆ ಹಂಚಿದರು. ಗೆದ್ದವನಿಗೆ ಹಣ ಸಂದದ್ದು 1864ರಲ್ಲಿ. ಅದೂ ಆರು ಪೌಂಡು.

ಮೊದಲ ವರ್ಷ ಸ್ಪರ್ಧೆ ವೃತ್ತಿಪರರಿಗೆ ಮಾತ್ರ ಮೀಸಲಾಗಿತ್ತು. 1861ರಿಂದ ಅದು ಜಗತ್ತಿನ ಯಾರಿಗಾದರೂ ತೆರೆದಿದೆಯೆಂದು ಸಾರಿದರು. ‘ಓಪನ್’ ಎಂಬ ಹೆಸರಿಗೆ ಇದೇ ಮೂಲ. ಸಾರಿದವರು ಆಗ ಜಗತ್ತೆಂದು ಎಣಿಸಿದ್ದು ಸ್ಕಾಟ್‌ಲೆಂಡಿನ ನಾಲ್ಕಾರು ಊರುಗಳನ್ನೇ ಇರಬೇಕು. ಆದರೂ ಮಾತು ಮಾತೇ. ಅದು ಮುಂದೆ ನಿಜವಾಯಿತು.

ಟಾಮ್ ಮಾರಿಸನು 1861, 1862, 1864 ಮತ್ತು 1867ರಲ್ಲಿ ಗೆದ್ದನು. ಕೊನೆಯ ಸಲ ಗೆದ್ದಾಗ ಅವನಿಗೆ 46 ವರ್ಷ. ಅಷ್ಟು ವಯಸ್ಸಿನಲ್ಲಿ ಈ ಪಂದ್ಯಾವಳಿಯನ್ನು ಗೆದ್ದವರು ಇಂದಿನವರೆಗೂ ಬೇರೆ ಯಾರೂ ಇಲ್ಲ. ಮರುವರ್ಷವೇ ಅವನ ಮಗ ಗೆದ್ದನು. ಮಗನ ಹೆಸರೂ ಟಾಮ್. ಇಬ್ಬರನ್ನೂ ಚರಿತ್ರೆಯಲ್ಲಿ ಹಿರಿಯ ಟಾಮ್, ಕಿರಿಯ ಟಾಮ್ ಎಂದು ಗುರುತಿಸುತ್ತಾರೆ. 1868ರಲ್ಲಿ ಕಿರಿಯ ಟಾಮನಿಗೆ ಹದಿನೇಳು ವರ್ಷ. ಆ ಸಲ ಮಗನದು ಮೊದಲನೆಯ ಸ್ಥಾನ, ತಂದೆಯದು ಎರಡನೆಯದು! ಅತಿ ಕಿರಿಯ ವಿಜೇತನೆಂಬ ದಾಖಲೆಯೂ ಮುರಿಯದೆ ಉಳಿದಿದೆ. ಹೀಗೆ ಒಂದೇ ಮನೆಯ ತಂದೆಮಕ್ಕಳು ಪಂದ್ಯಾವಳಿಯ ವಯಸ್ಸಿನ ಎರಡು ಎಲ್ಲೆಗಳನ್ನೂ ಕಾಯುತ್ತ ನಿಂತಿದ್ದಾರೆ.

ಕಿರಿಯ ಟಾಮನ ಆಟ ಹಿಂದಿನವರ ಆಟದಂತಿರಲಿಲ್ಲ. 1869ರಲ್ಲಿಯೂ 1870ರಲ್ಲಿಯೂ ಅವನೇ ಗೆದ್ದನು. 1870ರಲ್ಲಿ ಅವನ ಮೊತ್ತ 149. ಎರಡನೆಯವರಿಗಿಂತ ಹನ್ನೆರಡು ಹೊಡೆತ ಕಡಿಮೆ. ಹತ್ತು ವರ್ಷಗಳ ಹಿಂದೆ ಅದೇ ಬಯಲಿನಲ್ಲಿ 174 ಹೊಡೆತಗಳು ಗೆಲುವು ತಂದಿದ್ದುದನ್ನು ನೆನೆದರೆ ಅವನ ಸಾಮರ್ಥ್ಯ ಎಷ್ಟೆಂದು ತಿಳಿಯುತ್ತದೆ. ಸತತವಾಗಿ ಮೂರು ಸಲ ಗೆದ್ದವನಿಗೆ ನಡುಪಟ್ಟಿ ಸ್ವಂತವಾಗಬೇಕೆಂಬುದು ನಿಯಮ. ಕಿರಿಯ ಟಾಮನು ಅದನ್ನು ಮನೆಗೆ ಒಯ್ದನು. ಪಣವಾಗಿಡಲು ಏನೂ ಇಲ್ಲದೆ 1871ರಲ್ಲಿ ಪಂದ್ಯಾವಳಿಯೇ ನಡೆಯಲಿಲ್ಲ. ಆಟ ನಿಂತುಹೋಗುವಷ್ಟು ಚೆನ್ನಾಗಿ ಆಡಿದವರು ವಿರಳ!

ಅನಂತರ ಪ್ರೆಸ್ಟ್‌ವಿಕ್, ಸೇಂಟ್ ಆಂಡ್ರೂಸ್ ಮತ್ತು ಎಡಿನ್‌ಬರೊ ನಗರದ ಮೂರು ಕ್ಲಬ್ಬುಗಳು ತಲಾ ಹತ್ತು ಪೌಂಡು ಕೂಡಿಸಿ ಹೊಸ ಪಣವೊಂದನ್ನು ಮಾಡಿಸಲು ಒಪ್ಪಿದುವು. ಅದೇ ಈ ಬೆಳ್ಳಿಯ ಹೂಜಿ. 1872ರಲ್ಲಿ ಸ್ಪರ್ಧೆ ಮತ್ತೆ ನಡೆದಾಗ ಗೆದ್ದವನು ಕಿರಿಯ ಟಾಮನೇ. ಹೂಜಿ ಇನ್ನೂ ಸಿದ್ಧವಾಗಿರದ ಕಾರಣ ಅವನಿಗೆ ಪದಕವನ್ನು ಕೊಟ್ಟರು. ಹೂಜಿಯನ್ನು ಮೊದಲು ಕೈಯಲ್ಲಿ ಹಿಡಿದವನು 1873ರ ವಿಜೇತ ಟಾಮ್ ಕಿಡ್. ಆದರೆ ಅದರ ಮೇಲೆ ಕೆತ್ತಿರುವ ಮೊದಲ ಹೆಸರು ಕಿರಿಯ ಟಾಮನದು.

1875ರ ಸೆಪ್ಟೆಂಬರ್ ತಿಂಗಳಿನಲ್ಲಿ ತಂದೆ ಮಗ ಇಬ್ಬರೂ ಫೋರ್ತ್ ಕೊಲ್ಲಿಯ ಆಚೆಗಿನ ನಾರ್ತ್ ಬೆರಿಕ್ಕಿನಲ್ಲಿ ಒಂದು ಪಂದ್ಯವಾಡುತ್ತಿದ್ದರು. ಕಿರಿಯ ಟಾಮನ ಹೆಂಡತಿ ತುಂಬು ಗರ್ಭಿಣಿ. ಅವಳ ಸ್ಥಿತಿ ವಿಷಮಿಸಿದೆಯೆಂದು ಊರಿನಿಂದ ತಂತಿ ಬಂದಿತು. ರೈಲಿನಲ್ಲಿ ಬಳಸಿ ಹೋಗಲು ಹೊತ್ತು ಸಾಲದೆಂದು ದೋಣಿಯಲ್ಲಿ ಕೊಲ್ಲಿಯನ್ನು ದಾಟಿದರು. ಮನೆ ಮುಟ್ಟುವಷ್ಟರಲ್ಲಿ ತಾಯಿಯೂ ಇಲ್ಲ, ಕೂಸೂ ಇಲ್ಲ. ಆ ವರ್ಷದ ಕ್ರಿಸ್‌ಮಸ್ ದಿನದಂದು ಕಿರಿಯ ಟಾಮನೂ ತೀರಿಕೊಂಡನು. ಆಗ ಅವನಿಗೆ 24 ವರ್ಷ. ಅರವತ್ತು ಗಾಲ್ಫ್ ಸಂಘಗಳು ಹಣ ಕೂಡಿಸಿ ಸೇಂಟ್ ಆಂಡ್ರೂಸಿನ ಪಾಳುಬಿದ್ದ ದೊಡ್ಡ ಇಗರ್ಜಿಯ ಆವರಣದಲ್ಲಿ ಅವನ ಸ್ಮಾರಕವನ್ನು ನಿಲ್ಲಿಸಿದುವು. ಚೆಂಡಿಗೆ ಕೋಲು ಹಿಡಿದು ಬಾಗಿ ನಿಂತ ಯುವಕನ ಶಿಲ್ಪ ಅಲ್ಲಿದೆ. ತಂದೆಯು ಮಗನಿಲ್ಲದೆ ಮೂವತ್ತೆರಡು ವರ್ಷ ಬದುಕಿ, 1908ರಲ್ಲಿ ಕಾಲವಾದನು.

ಮುಂದಿನ ದಶಕಗಳ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. 1890ರಲ್ಲಿ ಜಾನ್ ಬಾಲ್ ಎಂಬ ಇಂಗ್ಲೆಂಡಿನ ಹವ್ಯಾಸಿ ಆಟಗಾರನು ಗೆದ್ದು ಸ್ಕಾಟ್‌ಲೆಂಡಿನವರ ಏಕಾಧಿಪತ್ಯವನ್ನು ಮುರಿದನು. 1892ರಿಂದ ಸ್ಪರ್ಧೆಯನ್ನು 72 ಗುಳಿಗಳಿಗೆ ವಿಸ್ತರಿಸಿದರು. 1894ರಲ್ಲಿ ಅದು ಮೊದಲ ಬಾರಿಗೆ ಇಂಗ್ಲೆಂಡಿನ ನೆಲದಲ್ಲಿ ನಡೆಯಿತು. ಅಲ್ಲಿಂದ ಮೊದಲ ಮಹಾಯುದ್ಧದವರೆಗಿನ 21 ಪಂದ್ಯಾವಳಿಗಳಲ್ಲಿ ಹದಿನಾರನ್ನು ಮೂವರೇ ಗೆದ್ದರು: ಹ್ಯಾರಿ ವಾರ್ಡನ್ ಆರು ಸಲ, ಜೆ. ಎಚ್. ಟೇಲರ್ ಮತ್ತು ಜೇಮ್ಸ್ ಬ್ರೇಡ್ ತಲಾ ಐದು ಸಲ. ಟೇಲರ್ ಬಾಲ್ಯದಲ್ಲಿ ಕ್ಯಾಡಿಯಾಗಿದ್ದವನು, ಬ್ರೇಡ್ ಬಡಗಿಯ ಕೆಲಸ ಕಲಿತವನು. ಆಟಗಾರರ ಹಿತವನ್ನು ಕಾಯಲೆಂದು 1901ರಲ್ಲಿ ವೃತ್ತಿಪರರ ಸಂಘವೊಂದು ಸ್ಥಾಪಿತವಾಯಿತು. ಅದರ ಹಿಂದಿನ ಮುಖ್ಯ ಶಕ್ತಿ ಟೇಲರನೇ.

ಇಷ್ಟಾದರೂ ಬಾಗಿಲು ಮುಚ್ಚಿಯೇ ಇತ್ತು. ಪಂದ್ಯ ನಡೆಯುವ ಕ್ಲಬ್ಬಿನ ಮನೆಯೊಳಕ್ಕೆ ಹವ್ಯಾಸಿಗಳಿಗೆ, ಎಂದರೆ ಹಣಕ್ಕಾಗಿ ಆಡದ ದೊಡ್ಡ ಮನುಷ್ಯರಿಗೆ, ಪ್ರವೇಶವಿತ್ತು. ಆಟದಿಂದ ಹೊಟ್ಟೆ ಹೊರೆಯುವವನು, ಅವನು ಐದು ಸಲ ಗೆದ್ದವನೇ ಆಗಿರಲಿ, ಹೊರಗಿನ ಕೋಲುಗಳ ಅಂಗಡಿಯಲ್ಲಿ ಬಟ್ಟೆ ಬದಲಿಸಬೇಕಾಗಿತ್ತು. ಅವನ ಆಟವನ್ನು ನೋಡಲು ಜನ ಬೇಕು, ಅವನ ಜೊತೆ ಒಂದೇ ಸೂರಿನಡಿ ಕೂರಲು ಬಾರದು! ಇಂಥ ಮಡಿಯ ಪರಿಚಯ ನಮ್ಮ ನಾಡಿಗೂ ಇಲ್ಲದಿಲ್ಲ.

1920ರಲ್ಲಿ ಅಮೆರಿಕದಿಂದ ವಾಲ್ಟರ್ ಹೇಗನ್ ಎಂಬ ಆಟಗಾರನು ಬಂದನು. ಅವನೂ ಕ್ಯಾಡಿಯಾಗಿಯೇ ಆಟ ಕಲಿತವನು. ಬೆಲೆಬಾಳುವ ಉಡುಪು, ದೊಡ್ಡ ಹೋಟೆಲು, ಧಾರಾಳ ಖರ್ಚು ಅವನ ರೀತಿ. ಆ ವರ್ಷ ಪಂದ್ಯಾವಳಿ ಇಂಗ್ಲೆಂಡಿನ ಡೀಲ್ ಎಂಬಲ್ಲಿ ನಡೆಯಿತು. ವೃತ್ತಿಪರರಿಗೆ ಒಳಗೆ ಜಾಗವಿಲ್ಲವೆಂದು ತಿಳಿದಾಗ ಹೇಗನ್ ಜಗಳ ತೆಗೆಯಲಿಲ್ಲ. ಭವ್ಯವಾದ ಒಂದು ಮೋಟಾರು ಗಾಡಿಯನ್ನು ಬಾಡಿಗೆಗೆ ಹಿಡಿದು, ಅದನ್ನು ಕ್ಲಬ್ಬಿನ ಮನೆಯ ಮುಂದೆಯೇ ನಿಲ್ಲಿಸಿ, ಅದರೊಳಗೆ ಬಟ್ಟೆ ಬದಲಿಸಿದನು. ಆಟದಲ್ಲಿ ಅವನಿಗೆ ಐವತ್ತರ ಆಚೆಯ ಸ್ಥಾನ ಬಂದಿತು. ಆದರೆ ಆ ಗಾಡಿಯನ್ನು ಮಾತ್ರ ಯಾರೂ ಮರೆಯಲಿಲ್ಲ.

ಅದೇ ವರ್ಷ ಅಮೆರಿಕದ ಟಲೀಡೊ ನಗರದ ಇನ್‌ವರ್‌ನೆಸ್ ಕ್ಲಬ್ಬು ತನ್ನಲ್ಲಿ ನಡೆದ ಅಮೆರಿಕನ್ ಓಪನ್ ಪಂದ್ಯಾವಳಿಯ ಕಾಲಕ್ಕೆ ವೃತ್ತಿಪರರಿಗೆ ಬಾಗಿಲು ತೆರೆಯಿತು. ಹೇಗನ್ ಮತ್ತು ಅವನ ಸಂಗಡಿಗರು ಕೃತಜ್ಞತೆಯಿಂದ ಆ ಕ್ಲಬ್ಬಿಗೆ ಎತ್ತರದ ಗಡಿಯಾರವೊಂದನ್ನು ಕಾಣಿಕೆಯಾಗಿ ಕೊಟ್ಟರು.

ಹೇಗನ್ 1922ರಲ್ಲಿ ಓಪನ್ ಗೆದ್ದನು. ಅಮೆರಿಕದಲ್ಲಿ ಹುಟ್ಟಿದವನೊಬ್ಬ ಗೆದ್ದದ್ದು ಅದೇ ಮೊದಲು. ಮರುವರ್ಷ ಸ್ಕಾಟ್‌ಲೆಂಡಿನ ಟ್ರೂನಿನಲ್ಲಿ ಅವನಿಗೆ ಎರಡನೆಯ ಸ್ಥಾನ. ವಾರವೆಲ್ಲ ಆಟಗಾರರನ್ನು ಹೊರಗಿಟ್ಟಿದ್ದವರು ಬಹುಮಾನ ಕೊಡುವ ಹೊತ್ತಿಗೆ ಗೆದ್ದವನನ್ನೂ ಹೇಗನನನ್ನೂ ಒಳಗೆ ಕರೆದರು. ಹೇಗನ್ ಒಳಗೆ ಹೋಗಲೊಪ್ಪಲಿಲ್ಲ. ತನ್ನ ಜೊತೆಯ ಆಟಗಾರರನ್ನು ಒಳಗೆ ಬಿಡದ ಮನೆಗೆ ತಾನೂ ಬರುವುದಿಲ್ಲವೆಂದು ತಿಳಿಸಿ, ನೆರೆದ ಜನರನ್ನು ತನ್ನ ಜೊತೆ ಊರಿನ ಪಾನಗೃಹಕ್ಕೆ ಬರಬೇಕೆಂದು ಆಹ್ವಾನಿಸಿ, ನಡೆದುಬಿಟ್ಟನು. ಜನರೂ ಅವನ ಹಿಂದೆ ಹೊರಟರು. ಅವನು 1924, 1928 ಮತ್ತು 1929ರಲ್ಲಿ ಮತ್ತೆ ಗೆದ್ದನು. ಕಾಲಕ್ರಮದಲ್ಲಿ ಬಾಗಿಲುಗಳು ಒಂದೊಂದಾಗಿ ತೆರೆದುವು.

ಎಲ್ಲರಿಗೂ ತೆರೆದುವೆಂದು ಹೇಳುವಂತಿಲ್ಲ. ಸ್ತ್ರೀಯರಿಗೆ ಸದಸ್ಯತ್ವ ಕೊಡಲು ಸೇಂಟ್ ಆಂಡ್ರೂಸಿನ ‘ರಾಯಲ್ ಅಂಡ್ ಏನ್ಷಿಯಂಟ್’ ಕ್ಲಬ್ಬು 2014ರಲ್ಲಿ, ಟ್ರೂನ್ ಕ್ಲಬ್ಬು 2016ರಲ್ಲಿ ಒಪ್ಪಿದುವು. ಮ್ಯೂರ್‌ಫೀಲ್ಡ್ ಬಯಲಿನ ಕ್ಲಬ್ಬು 2016ರಲ್ಲಿ ಒಪ್ಪದೆ ಹೋದಾಗ, ಅಲ್ಲಿ ಇನ್ನು ಓಪನ್ ನಡೆಯುವುದಿಲ್ಲವೆಂದು ಪಂದ್ಯಾವಳಿಯ ಸಂಸ್ಥೆ ಘೋಷಿಸಿತು. ಮರುವರ್ಷ ಆ ಕ್ಲಬ್ಬಿನವರು ತಮ್ಮ ನಿರ್ಧಾರವನ್ನು ಬದಲಿಸಿದರು. ಸ್ತ್ರೀಯರ ಓಪನ್ ಪಂದ್ಯಾವಳಿಯು 2022ರಲ್ಲಿ ಅದೇ ಬಯಲಿನಲ್ಲಿ ನಡೆಯಿತು.

ಪ್ರತಿಷ್ಠೆಯೆಂಬುದು ಒಮ್ಮೆ ಬಂದರೆ ಶಾಶ್ವತವಾಗಿ ನಿಲ್ಲುವ ವಸ್ತುವಲ್ಲ. ಎರಡನೆಯ ಮಹಾಯುದ್ಧದ ಅನಂತರ ಓಪನ್ ಪಂದ್ಯಾವಳಿಗೆ ದುರ್ದಿನಗಳು ಬಂದುವು. 1946ರಲ್ಲಿ ಅಮೆರಿಕದ ಸ್ಯಾಮ್ ಸ್ನೀಡ್ ಸೇಂಟ್ ಆಂಡ್ರೂಸಿಗೆ ರೈಲಿನಲ್ಲಿ ಬರುತ್ತ, ಕಿಟಕಿಯಿಂದ ಆ ಬಯಲನ್ನು ನೋಡಿ, ಇದು ಯಾವುದೋ ಹಾಳುಬಿದ್ದ ಗಾಲ್ಫ್ ಬಯಲಿರಬೇಕೆಂದು ಹೇಳಿದನಂತೆ! ಎದುರಿಗೆ ಕುಳಿತಿದ್ದ ಸ್ಥಳೀಯನಿಗೆ ಎಷ್ಟು ಸಿಟ್ಟು ಬಂದಿರಬೇಡ. ಸ್ನೀಡ್ ಗೆದ್ದನು. ಆದರೆ ಬಹುಮಾನದ 150 ಪೌಂಡು ಅವನ ಪ್ರಯಾಣದ ವೆಚ್ಚಕ್ಕೂ ಸಾಲಲಿಲ್ಲ. ಹೀಗಿರಲು ಅಮೆರಿಕದ ಶ್ರೇಷ್ಠ ಆಟಗಾರರು ಕಡಲು ದಾಟಿ ಬರುವುದನ್ನೇ ಬಿಟ್ಟರು.

ಅಂಥ ಕಾಲದಲ್ಲಿ, 1953ರಲ್ಲಿ, ಬೆನ್ ಹೋಗನ್ ಬಂದನು. ನಾಲ್ಕು ವರ್ಷಗಳ ಹಿಂದೆ ಅವನ ಕಾರಿಗೆ ಮಂಜು ಕವಿದ ದಾರಿಯಲ್ಲಿ ಬಸ್ಸೊಂದು ಎದುರಾಗಿ ಅಪ್ಪಳಿಸಿತ್ತು. ಪಕ್ಕದಲ್ಲಿದ್ದ ಹೆಂಡತಿಯನ್ನು ಕಾಪಾಡಲು ಅಡ್ಡಬಿದ್ದ ಅವನು ಎಲುಬುಗಳು ಮುರಿದು ಸಾವಿನ ದವಡೆಯಿಂದ ಪಾರಾಗಿದ್ದನು. ಅಮೆರಿಕದಲ್ಲಿ ಎಲ್ಲವನ್ನೂ ಗೆದ್ದಿದ್ದ ಅವನಿಗೆ ಈ ಒಂದು ಹೂಜಿ ಮಾತ್ರ ದೊರೆತಿರಲಿಲ್ಲ. ಸ್ಕಾಟ್‌ಲೆಂಡಿನ ಕಾರ್ನೂಸ್ಟಿ ಬಯಲಿನಲ್ಲಿ ಅವನ ನಾಲ್ಕು ಸುತ್ತುಗಳ ಮೊತ್ತ ಕ್ರಮವಾಗಿ 73, 71, 70, 68. ಒಂದಕ್ಕಿಂತ ಇನ್ನೊಂದು ಉತ್ತಮ. ನಾಲ್ಕು ಹೊಡೆತಗಳ ಅಂತರದಿಂದ ಗೆದ್ದು ಊರಿಗೆ ಮರಳಿದವನು ಈ ಪಂದ್ಯಾವಳಿಗೆ ಮತ್ತೆಂದೂ ಬರಲಿಲ್ಲ. ಅವನು ಆಡಿದ ಓಪನ್ ಅದೊಂದೇ. ಬಹುಮಾನ 500 ಪೌಂಡು. ಹಣಕ್ಕಾಗಿ ಅವನು ಅಷ್ಟು ದೂರ ಬಂದಿರಲಾರ.

1960ರಲ್ಲಿ, ಪಂದ್ಯಾವಳಿಗೆ ನೂರು ವರ್ಷ ತುಂಬಿದಾಗ, ಅಮೆರಿಕನ್ನರ ಕಣ್ಮಣಿಯಾಗಿದ್ದ ಆರ್ನಾಲ್ಡ್ ಪಾಮರ್ ಬಂದು ಒಂದೇ ಹೊಡೆತದಿಂದ ಸೋತನು. 1961 ಮತ್ತು 1962ರಲ್ಲಿ ಮತ್ತೆ ಬಂದು ಗೆದ್ದನು. ಅವನನ್ನು ಹಿಂಬಾಲಿಸಿ ಜಾಕ್ ನಿಕ್ಲಾಸನಂಥ ಅವನ ದೇಶದ ಉಳಿದ ಘಟಾನುಘಟಿಗಳೂ ಬರತೊಡಗಿದರು. ಈ ಹೂಜಿಯಿಲ್ಲದೆ ಶ್ರೇಷ್ಠತೆ ಪೂರ್ಣವಾಗದೆಂದು ಆಟಗಾರರೇ ಭಾವಿಸಿದುದರಿಂದ ಪಂದ್ಯಾವಳಿ ಉಳಿಯಿತು. ಹಣ ಅದರ ಹಿಂದೆ ಬಂದಿತು. 2025ರಲ್ಲಿ ವಿಜೇತ ಸ್ಕಾಟಿ ಷೆಫ್ಲರನಿಗೆ ಸಂದ ಮೊತ್ತ 31 ಲಕ್ಷ ಡಾಲರ್.

ಈ ಬಯಲುಗಳು ಎಂಥ ವೀರನನ್ನೂ ಬಾಗಿಸಬಲ್ಲವು. 1978ರಲ್ಲಿ ಸೇಂಟ್ ಆಂಡ್ರೂಸಿನ ಹದಿನೇಳನೆಯ ಗುಳಿಯ ಬಳಿ ಜಪಾನಿನ ನಕಾಜಿಮಾ ಎಂಬ ಆಟಗಾರನು ಎರಡೇ ಹೊಡೆತಗಳಲ್ಲಿ ಗುಳಿಯ ಸುತ್ತಲಿನ ನುಣುಪು ಹುಲ್ಲನ್ನು ಮುಟ್ಟಿದ್ದನು. ಮೆಲ್ಲನೆ ತಳ್ಳಿದ ಚೆಂಡು ಇಳಿಜಾರಿನಲ್ಲಿ ಉರುಳಿ ಆಳವಾದ ಮರಳುಗುಂಡಿಗೆ ಬಿದ್ದಿತು. ಹೊರತೆಗೆಯಲು ನಾಲ್ಕು ಹೊಡೆತ ಹಿಡಿದು, ಆ ಒಂದು ಗುಳಿಗೇ ಒಂಬತ್ತು ಹೊಡೆತಗಳಾದುವು. 2000ದಲ್ಲಿ ಅದೇ ಬಯಲಿನಲ್ಲಿ ಟೈಗರ್ ವುಡ್ಸ್ ನಾಲ್ಕು ದಿನವೂ ಒಂದೇ ಒಂದು ಮರಳುಗುಂಡಿಗೂ ಚೆಂಡು ಬೀಳದಂತೆ ಆಡಿ ಎಂಟು ಹೊಡೆತಗಳಿಂದ ಗೆದ್ದನು. ಅಲ್ಲಿ ಅಂಥ ಗುಂಡಿಗಳು ನೂರಕ್ಕೂ ಹೆಚ್ಚು!

1999ರ ಕಾರ್ನೂಸ್ಟಿಯ ಸಂಜೆಯನ್ನು ಹೇಳದೆ ಮುಂದುವರಿಯಲಾಗದು. ಫ್ರಾನ್ಸಿನ ಜಾನ್ ವಾನ್ ದ ವೆಲ್ಡ್ ಕೊನೆಯ ಗುಳಿಗೆ ಬಂದಾಗ ಮೂರು ಹೊಡೆತ ಮುಂದಿದ್ದನು. ಆರು ಹೊಡೆತಗಳಲ್ಲಿ ಮುಗಿಸಿದರೂ ಹೂಜಿ ಅವನದೇ. ಎಚ್ಚರದಿಂದ ಮೆಲ್ಲಗೆ ಆಡಬಹುದಾಗಿತ್ತು. ಅವನು ಎಂದಿನ ಧೈರ್ಯದಿಂದಲೇ ಹೊಡೆದನು. ಎರಡನೆಯ ಹೊಡೆತದ ಚೆಂಡು ಪ್ರೇಕ್ಷಕರ ಅಟ್ಟಣೆಯ ಕಂಬಿಗೆ ತಗುಲಿ ಹಿಂದಕ್ಕೆ ನೆಗೆದು ದಟ್ಟ ಹುಲ್ಲಿಗೆ ಬಿದ್ದಿತು. ಅಲ್ಲಿಂದ ಹೊಡೆದದ್ದು ಹಳ್ಳದ ನೀರಿಗೆ ಬಿದ್ದಿತು. ಅವನು ಬೂಟು ಕಳಚಿ, ಷರಾಯಿ ಮಡಚಿ, ನೀರಿಗಿಳಿದು ನಿಂತನು. ಜಗತ್ತು ಉಸಿರು ಹಿಡಿದು ನೋಡುತ್ತಿತ್ತು. ಕೊನೆಗೆ ದಂಡದ ಹೊಡೆತವನ್ನೊಪ್ಪಿ ಮೇಲೆ ಬಂದನು. ಮುಂದಿನದು ಮರಳುಗುಂಡಿಗೆ. ಒಟ್ಟು ಏಳು ಹೊಡೆತ. ಮೂವರು ಸಮನಾದುದರಿಂದ ನಡೆದ ಹೆಚ್ಚುವರಿ ಆಟದಲ್ಲಿ, ಆ ಬೆಳಿಗ್ಗೆ ಹತ್ತು ಹೊಡೆತ ಹಿಂದಿದ್ದ ಸ್ಕಾಟ್‌ಲೆಂಡಿನ ಪಾಲ್ ಲಾರಿ ಗೆದ್ದನು. ವಾನ್ ದ ವೆಲ್ಡನನ್ನು ಅವಿವೇಕಿಯೆಂದು ಜರೆದವರು ಅನೇಕರು. ಆದರೆ ಆ ಏಳನೆಯ ಹೊಡೆತದಲ್ಲಿ ಚೆಂಡನ್ನು ಗುಳಿಗೆ ಸೇರಿಸದಿದ್ದರೆ ಅವನು ಅಲ್ಲಿಯೇ ಸೋತಿರುತ್ತಿದ್ದನು. ಅಷ್ಟೆಲ್ಲ ಆದಮೇಲೂ ಅವನ ಕೈ ನಡುಗಲಿಲ್ಲ.

ನಮ್ಮ ದೇಶಕ್ಕೂ ಈ ಆಟಕ್ಕೂ ಇರುವ ನಂಟು ಈಚಿನದಲ್ಲ. ಕಲ್ಕತ್ತೆಯಲ್ಲಿ 1829ರಲ್ಲಿಯೇ ಗಾಲ್ಫ್ ಕ್ಲಬ್ಬು ಸ್ಥಾಪಿತವಾಯಿತು. ಬೆಂಗಳೂರಿನ ಕ್ಲಬ್ಬು ಹುಟ್ಟಿದ್ದು 1876ರಲ್ಲಿ, ಕಿರಿಯ ಟಾಮನು ತೀರಿಕೊಂಡ ಮರುವರ್ಷ. ಬ್ರಿಟಿಷ್ ಓಪನ್ನನ್ನು ಐದು ಸಲ ಗೆದ್ದ ಆಸ್ಟ್ರೇಲಿಯದ ಪೀಟರ್ ಥಾಮ್ಸನ್ ಭಾರತದಲ್ಲಿ ವೃತ್ತಿಪರ ಗಾಲ್ಫ್ ಬೆಳೆಯಲು ಬಹಳ ಶ್ರಮಿಸಿದನು. 1964ರಲ್ಲಿ ಮೊದಲಾದ ಇಂಡಿಯನ್ ಓಪನ್ ಪಂದ್ಯಾವಳಿಯನ್ನು ಮೊದಲು ಗೆದ್ದವನೂ ಅವನೇ. ಇಲ್ಲಿಯೂ ಚೀಲ ಹೊತ್ತವರೇ ಮುಂದೆ ಬಂದರು. 1991ರಲ್ಲಿ ಆ ಸ್ಪರ್ಧೆಯನ್ನು ಗೆದ್ದ ಅಲಿ ಷೇರ್ ದೆಹಲಿಯ ಕ್ಲಬ್ಬಿನಲ್ಲಿ ಕ್ಯಾಡಿಯಾಗಿದ್ದವರು. 2009ರಲ್ಲಿ ಗೆದ್ದ ಬೆಂಗಳೂರಿನ ಸಿ. ಮುನಿಯಪ್ಪ ಅವರೂ ಕ್ಯಾಡಿಯಾಗಿಯೇ ಆಟಕ್ಕೆ ಬಂದವರು.

ಬೆಂಗಳೂರಿನಲ್ಲಿ ಆಟವನ್ನು ಪಳಗಿಸಿಕೊಂಡ ಅನಿರ್ಬನ್ ಲಾಹಿರಿ ಅವರು 2012ರ ಓಪನ್ನಿನಲ್ಲಿ ಒಂಬತ್ತನೆಯ ಗುಳಿಗೆ ಒಂದೇ ಹೊಡೆತದಲ್ಲಿ ಚೆಂಡನ್ನು ಸೇರಿಸಿ ಪ್ರೇಕ್ಷಕರನ್ನು ಬೆರಗುಗೊಳಿಸಿದರು. 2023ರಲ್ಲಿ ಇಂಗ್ಲೆಂಡಿನ ಹೊಯ್‌ಲೇಕಿನಲ್ಲಿ ಶುಭಂಕರ್ ಶರ್ಮಾ ಅವರು ಎಂಟನೆಯ ಸ್ಥಾನವನ್ನು ಇತರರೊಂದಿಗೆ ಹಂಚಿಕೊಂಡರು. ಅಲ್ಲಿಯವರೆಗೆ ಯಾವ ಭಾರತೀಯನೂ ಈ ಪಂದ್ಯಾವಳಿಯಲ್ಲಿ ಅಷ್ಟು ಮೇಲೇರಿರಲಿಲ್ಲ. ಮೊದಲ ಹತ್ತರಲ್ಲಿ ನಿಂತವರಿಗೆ ಮರುವರ್ಷ ನೇರವಾಗಿ ಆಡುವ ಹಕ್ಕುಂಟು. ಅದರಂತೆ ಅವರು 2024ರ ಜುಲೈ ತಿಂಗಳಿನಲ್ಲಿ ಮತ್ತೆ ಕಡಲಂಚಿನ ಬಯಲಿಗೆ ಇಳಿದರು. ಆ ಸಲ ಪಂದ್ಯಾವಳಿ ನಡೆದದ್ದು ಟ್ರೂನಿನಲ್ಲಿ. 1923ರಲ್ಲಿ ಹೇಗನ್ ಒಳಗೆ ಹೋಗಲೊಪ್ಪದೆ, ಜನರನ್ನು ಕೂಡಿಕೊಂಡು ಊರಿನತ್ತ ನಡೆದುಹೋದ ಅದೇ ಟ್ರೂನಿನಲ್ಲಿ.